ಹುಣ್ಣಿಮೆಯೊಳಗೆ ಬಿಡಿಸಬೇಕಾದ ಆರು ಜಡೆ

ಬೆಳಗಿನ ಆರೂಕಾಲು. ಕೂಡ್ಲಿಗಿ ತಾಲೂಕಿನ ಒಂದು ಊರು. ಊರಿನ ಹೆಸರು ಬೇಡ. ಬರೆದರೆ ಹುಡುಗಿಯ ಗುರುತು ಹತ್ತುತ್ತದೆ. ಕೇರಿಯ ಕೊನೆಯ ಮನೆ, ಅದರ ಮುಂದೊಂದು ಹಾಸುಗಲ್ಲು. ಕಲ್ಲಿನ ಮೇಲೆ ಹದಿನೈದು ವರ್ಷದ ಹುಡುಗಿಯೊಬ್ಬಳು ಮೊಣಕಾಲಿಗೆ ಗಲ್ಲ ಆನಿಸಿ ಕೂತಿದ್ದಾಳೆ. ಅವಳ ಬೆನ್ನ ಹಿಂದೆ, ಹಳೆಯ ತೊಲೆಯ ತುಂಡಿನ ಮೇಲೆ, ಅಂಜಿನಕ್ಕ. ಪಕ್ಕದಲ್ಲಿ ಬೆಚ್ಚಗೆ ಕಾಯಿಸಿದ ಔಡಲೆಣ್ಣೆಯ ಬಟ್ಟಲು, ಗೋಣಿಚೀಲ ಹೊಲಿಯುವ ದಬ್ಬಣ, ಎರಡು ಹಲ್ಲು ಮುರಿದ ಮರದ ಬಾಚಣಿಗೆ. ಕತ್ತರಿ ಮಾತ್ರ ಇಲ್ಲ.

ಹುಡುಗಿಯ ತಲೆಯಿಂದ ಆರು ಜಡೆ ಇಳಿಬಿದ್ದಿದ್ದವು. ಹೆಣೆದ ಜಡೆಯಲ್ಲ. ಏಳು ತಿಂಗಳು ಬಾಚಣಿಗೆ ಕಾಣದ ಕೂದಲು ಬೆವರು, ಧೂಳು ಕೂಡಿ ಹಗ್ಗದಂತೆ ಗಟ್ಟಿಯಾದದ್ದು. ಅದರಲ್ಲಿ ಎರಡು ಈಗಾಗಲೇ ಬಿಟ್ಟಿವೆ. ಮೂರನೆಯದರ ತುದಿಯನ್ನು ಅಂಜಿನಕ್ಕ ದಬ್ಬಣದ ಮೊನೆಯಿಂದ ಎಳೆ ಎಳೆಯಾಗಿ ಬಿಡಿಸುತ್ತಿದ್ದಾರೆ. ಬುಡದಿಂದ ಹಿಡಿದರೆ ಕಿತ್ತು ಬರುತ್ತದೆ, ಹುಡುಗಿ ಚೀರುತ್ತಾಳೆ, ನಾಳೆ ಕೂರುವುದಿಲ್ಲ. ಅದಕ್ಕೆ ತುದಿಯಿಂದಲೇ ಶುರು. ಬಾಯಲ್ಲಿ ಅದೂ ಇದೂ ಮಾತು: ಹಗರಿಬೊಮ್ಮನಹಳ್ಳಿಯಿಂದ ಹೊರಡುವ ಐದರ ಬಸ್ಸಿನ ಕಂಡಕ್ಟರು ಇವತ್ತೂ ಚಿಲ್ಲರೆಗೆ ಬದಲು ಪೆಪ್ಪರಮಿಂಟು ಕೊಟ್ಟ, ಶೇಂಗಾ ಮಿಲ್ಲಿನ ಬೆಕ್ಕು ಮೂರು ಮರಿ ಹಾಕಿತು. ಪ್ರಶ್ನೆ ಒಂದೂ ಇಲ್ಲ. ಹುಡುಗಿ ಉತ್ತರವನ್ನೂ ಕೊಡುವುದಿಲ್ಲ. ಏಳು ತಿಂಗಳಿಂದ ಅವಳು ಯಾರೊಂದಿಗೂ ಸರಿಯಾಗಿ ಮಾತಾಡಿಲ್ಲ.

ಇಲ್ಲಿ ಅವಳನ್ನು ಗೀತಮ್ಮ ಎನ್ನೋಣ. ಅದು ಅವಳ ಹೆಸರಲ್ಲ. ಮನೆಯವರ, ಊರವರ ಹೆಸರುಗಳನ್ನೂ ಬದಲಿಸಿದೆ.

ಮಾಘದ ಭರತ ಹುಣ್ಣಿಮೆಗೆ ಇನ್ನು ಎಂಟು ದಿನ. ಅಷ್ಟರೊಳಗೆ ಉಳಿದ ನಾಲ್ಕೂ ಜಡೆ ಬಿಟ್ಟರೆ ಗೀತಮ್ಮ ಮನೆಯಲ್ಲಿ ಉಳಿಯುತ್ತಾಳೆ. ಒಂದು ಉಳಿದರೂ ಅವಳನ್ನು ದೇವಿಗೆ ಬಿಡಲು ಅಮ್ಮನ ಗುಡ್ಡ ಹತ್ತಿಸುತ್ತಾರೆ.

ಇದು 2003ನೇ ಇಸವಿ. ದೇವರಿಗೆ ಹುಡುಗಿಯರನ್ನು ಬಿಡುವುದನ್ನು ಕಾನೂನು ನಿಲ್ಲಿಸಿ ಇಪ್ಪತ್ತು ವರ್ಷ ದಾಟಿದೆ. ಆದರೂ ಕೇರಿಯ ಹುಡುಗಿಯೊಬ್ಬಳ ಕೂದಲು ಗಂಟು ಬಿದ್ದರೆ ‘ಜಡಿ ಬಂತು, ಅಮ್ಮ ಕರದಾಳ’ ಎನ್ನುವ ಮಾತು ಈ ಕಡೆ ಸತ್ತಿಲ್ಲ. ಕರೆಸಿಕೊಂಡವಳಿಗೆ ಗುಡ್ಡದಲ್ಲಿ ದೇವಿಯ ಹೆಸರಿನಲ್ಲಿ ಕೊರಳಿಗೆ ಮುತ್ತು ಕಟ್ಟುತ್ತಾರೆ. ಆಮೇಲೆ ಅವಳು ಯಾರ ಹೆಂಡತಿಯೂ ಅಲ್ಲ. ಯಾರು ಬೇಕಾದರೂ ಬಾಗಿಲು ಬಡಿಯಬಹುದಾದ ಮನೆಯವಳು. ಕಚೇರಿಗಳನ್ನು ಕೇಳಿದರೆ ಅಂಥದ್ದು ಈಗ ಇಲ್ಲ ಎನ್ನುತ್ತಾರೆ. ಇಲ್ಲದ್ದಕ್ಕೆ ಯೋಜನೆ ಇಲ್ಲ, ಯೋಜನೆ ಇಲ್ಲದ್ದಕ್ಕೆ ನೌಕರರಿಲ್ಲ. ಹಾಗಾಗಿ ಈ ಕೆಲಸಕ್ಕೆ ಶೇಂಗಾ ಮಿಲ್ಲಿನಲ್ಲಿ ಕಾಳು ಹಸನು ಮಾಡುವ ನಲವತ್ತೈದರ ಹೆಂಗಸೊಬ್ಬರು ಐದರ ಬಸ್ಸು ಹಿಡಿದು, ಕ್ರಾಸಿನಲ್ಲಿ ಇಳಿದು, ಎರಡು ಮೈಲಿ ನಡೆದು ಬರಬೇಕು.

ಗೀತಮ್ಮ ಹತ್ತನೆಯ ತರಗತಿಗೆ ಸೇರಿದ್ದಳು. ಆಷಾಢದ ಹೊತ್ತಿಗೆ ಶಾಲೆ ಬಿಟ್ಟಳು, ಮಾತು ಬಿಟ್ಟಳು, ಊಟ ಅರ್ಧ ಬಿಟ್ಟಳು. ಕಾಳಿನ ಕಣಜದ ಹಿಂದೆ ಕತ್ತಲೆಯಲ್ಲಿ ಕೂರುತ್ತಿದ್ದಳು. ತಾಯಿ ಶಿವಮ್ಮ ಮೊದಲು ತಾಯತ ಕಟ್ಟಿಸಿದಳು. ಆಮೇಲೆ ಆಸ್ಪತ್ರೆಗೆ ಕರೆದೊಯ್ದಳು. ಅಲ್ಲಿ ಕಣ್ಣಿನ ರೆಪ್ಪೆ ಎಳೆದು ನೋಡಿ, ರಕ್ತ ಕಡಿಮೆ ಎಂದು ಟಾನಿಕ್ ಬರೆದುಕೊಟ್ಟರು. ಹುಡುಗಿಯ ಹೆಸರು ಬಿಟ್ಟು ಬೇರೆ ಏನನ್ನೂ ಕೇಳಲಿಲ್ಲ. ಬಾಚಲು ಹೋದರೆ ಗೀತಮ್ಮ ಕೈ ಕಚ್ಚುತ್ತಿದ್ದಳು. ದೀಪಾವಳಿಯ ಹೊತ್ತಿಗೆ ಕೂದಲು ಗಂಟಾಗಿತ್ತು. ಭರತ ಹುಣ್ಣಿಮೆ ಹತ್ತಿರ ಬಂದಾಗ ಓಣಿಯ ಹಿರಿಯ ಜೋಗತಿ ಕರಿಯಕ್ಕ ಬಂದು ನೋಡಿದರು. ಕುತ್ತಿಗೆಯ ಬಳಿಯ ದಪ್ಪ ಜಡೆಯೊಳಗೆ ಏನೋ ಕೆಂಪಗೆ ಕಾಣುತ್ತದೆ, ಅದು ಅಮ್ಮನ ಕುಂಕುಮ ಎಂದು ಹೇಳಿಬಿಟ್ಟರು. ಆ ಮಾತು ಊರಿನ ಹಿರಿಯ ಹಾಲೇಶಪ್ಪನವರ ಕಟ್ಟೆಯವರೆಗೆ ಹೋಗಲು ಒಂದು ದಿನವೂ ಹಿಡಿಯಲಿಲ್ಲ.

ಹಾಲೇಶಪ್ಪನವರು ಹತ್ತೆಕರೆ ತೋಟದ ಯಜಮಾನರು. ಹುಡುಗಿಯ ತಂದೆ ಹುಲುಗಣ್ಣ ಅವರದೇ ತೋಟದಲ್ಲಿ ನೀರು ಹಾಯಿಸುತ್ತಾನೆ. ಅಮ್ಮ ಕೇಳಿದ್ದನ್ನು ಕೊಡದಿದ್ದರೆ ಊರಿಗೇ ಕೇಡು, ಖರ್ಚು ತಮಗಿರಲಿ ಎಂದು ಯಜಮಾನರು ಅಪ್ಪಣೆ ಕೊಟ್ಟರು. ಹುಲುಗಣ್ಣ ತಲೆ ಬಗ್ಗಿಸಿದ. ಶಿವಮ್ಮ ಬಗ್ಗಿಸಲಿಲ್ಲ. ಹೊಲಕ್ಕೆ ಹೋಗುತ್ತೇನೆಂದು ಹೇಳಿ, ಅಂಜಿನಕ್ಕನನ್ನು ಹುಡುಕಿಕೊಂಡು ಹಗರಿಬೊಮ್ಮನಹಳ್ಳಿಯ ಬಸ್ಸು ಹತ್ತಿದಳು.

ಅಂಜಿನಕ್ಕ ಮರುದಿನ ಕಟ್ಟೆಯ ಮುಂದೆ ನಿಂತರು. ಕಾನೂನಿನ ಮಾತು ಎತ್ತಲಿಲ್ಲ. ಕಾನೂನು ಎಂದರೆ ಜೀಪು ಬರುತ್ತದೆ, ಜೀಪು ಹೋದ ಮೇಲೆ ಹುಡುಗಿಯನ್ನು ಬೇರೆ ಊರಿನ ಬೀಗರ ಮನೆಗೆ ಸಾಗಿಸಿ ಅಲ್ಲಿಂದ ಗುಡ್ಡ ಹತ್ತಿಸುತ್ತಾರೆ. ಅದನ್ನು ಅವರು ಎರಡು ಸಲ ನೋಡಿದ್ದಾರೆ. ಅವರು ಇಟ್ಟದ್ದು ಒಂದು ಪಂಥ.

“ಅಮ್ಮ ಕೊಟ್ಟ ಜಡಿ ಆದ್ರ ಅದು ಬಾಚಣಿಗಿಗೆ ಬಗ್ಗಾದಿಲ್ಲ. ಬಗ್ಗಿದ್ರ ಅದು ಬರೇ ಸಿಕ್ಕು. ಹುಣ್ಣಿವಿ ತನಕ ಟೈಮ್ ಕೊಡ್ರಿ. ಕತ್ತರಿ ಮುಟ್ಟಾದಿಲ್ಲ, ಒಂದು ಕೂದಲಾ ಕತ್ತರಿಸಾದಿಲ್ಲ.”

ಹಾಲೇಶಪ್ಪನವರು ನಕ್ಕರಂತೆ. “ಏ ಅಂಜಿನಿ, ನೀನೂ ಅಮ್ಮನ ಮಗಳಾ ಅಲ್ಲೇನು? ನಿನಗೇನು ಕಡಿಮಿ ಆಗೇತಿ?” ಎಂದು ಕೇಳಿದರಂತೆ.

ಅದಕ್ಕೆ ಅಂಜಿನಕ್ಕ ಕೊಟ್ಟ ಉತ್ತರವನ್ನು ಆ ಊರಿನ ಹೆಂಗಸರು ಈಗಲೂ ಬಾವಿಕಟ್ಟೆಯಲ್ಲಿ ಹೇಳಿಕೊಂಡು ನಗುತ್ತಾರೆ, ಸುತ್ತಮುತ್ತ ನೋಡಿಕೊಂಡು. “ನಮ್ಮ ಹುಡುಗಿ ತಲ್ಯಾಗ ಗಂಟು ಬಿದ್ರ ಅಮ್ಮ ಬಂದ್ಲು ಅಂತೀರಿ. ನಿಮ್ಮ ಮನಿ ಹುಡುಗಿ ತಲ್ಯಾಗ ಬಿದ್ರ ಹೇನು ಅಂತೀರಿ. ಈ ಅಮ್ಮಗ ನಿಮ್ಮ ಮನಿ ದಾರಿ ಗೊತ್ತಾ ಇಲ್ಲೇನ್ರಿ ಯಜಮಾನ್ರ?”

ಅಂಥ ಗಟ್ಟಿ ಜಡೆ ಬಾಚಣಿಗೆಗೆ ಬಿಡುವುದು ಅಸಾಧ್ಯವೆಂದೇ ಇರಬೇಕು, ಹಾಲೇಶಪ್ಪನವರು ಒಪ್ಪಿದರು. ಹನ್ನೊಂದು ದಿನದ ಗಡುವು. ಸರಿಯಾಗಿ ಹೇಳಬೇಕೆಂದರೆ ಹನ್ನೊಂದೂ ಅಲ್ಲ. ನಡುವೆ ಒಂದು ದಿನ ಬಸ್ಸು ಕೆಟ್ಟು ನಿಂತಿತು.

ಕತ್ತರಿಯ ವಿಷಯ ಬಂದಾಗಲೆಲ್ಲ ಅಂಜಿನಕ್ಕ ಎಣ್ಣೆಗೈಯನ್ನು ಸೀರೆಗೆ ಒರೆಸಿಕೊಳ್ಳುತ್ತಾರೆ. 1998ರಲ್ಲಿ ಹಡಗಲಿ ತಾಲೂಕಿನ ಒಂದು ಹಳ್ಳಿಯಲ್ಲಿ ಹದಿನಾಲ್ಕರ ಹುಡುಗಿಯೊಬ್ಬಳ ಜಡೆಯನ್ನು ಅವರೇ ಕತ್ತರಿಸಿದ್ದರು. ಆಗ ಒಂದು ಸಂಘದವರ ಜೊತೆ ತಿರುಗುತ್ತಿದ್ದ ಕಾಲ. ವೇದಿಕೆ, ಮೈಕು, ಫೋಟೋ, ಚಪ್ಪಾಳೆ ಎಲ್ಲ ಇತ್ತು. ಎಂಟನೆಯ ದಿನ ಹುಡುಗಿಯ ತಮ್ಮ ಜ್ವರದಲ್ಲಿ ತೀರಿಕೊಂಡ. ಕತ್ತರಿಸಿದ್ದಕ್ಕೇ ಅಮ್ಮ ಮಗುವನ್ನು ಒಯ್ದಳು ಎಂದು ಮನೆಯವರು ಹುಡುಗಿಯನ್ನು ಹೊಡೆದರು. ಅವಳೂ ಅದನ್ನೇ ನಂಬಿದಳು. ಸಂಘದವರು ಅಷ್ಟರಲ್ಲಿ ಬೇರೆ ಜಿಲ್ಲೆಗೆ ಹೋಗಿಯಾಗಿತ್ತು. ಅಂಜಿನಕ್ಕ ವಿಷಯ ತಿಳಿದು ಓಡಿದಾಗ ಹುಡುಗಿ ಊರಲ್ಲಿರಲಿಲ್ಲ. ಎಲ್ಲಿದ್ದಾಳೆಂದು ಇವತ್ತಿಗೂ ಗೊತ್ತಿಲ್ಲ.

“ತಲಿ ಮ್ಯಾಲಿಂದು ಕತ್ತರಿಸಿದೆ, ತಲಿ ಒಳಗಿನ ಅಂಜಿಕಿ ಹಂಗಾ ಬಿಟ್ಟೆ. ಫೋಟೋದಾಗ ನಾನು ನಗ್ತೀನಿ ನೋಡ್ರಿ. ಅದನ್ನ ನೋಡಿದ್ರ ನನ್ನ ಮಾರಿಗೆ ನಾನಾ ಹೊಡ್ಕಬೇಕು ಅನಸ್ತೈತಿ.”

ಆಗಿನಿಂದ ಬಾಚಣಿಗೆ ಮಾತ್ರ. ಕತ್ತರಿಗೆ ಒಂದು ಗಳಿಗೆ ಸಾಕು. ಬಾಚಣಿಗೆಗೆ ದಿನಗಳು ಬೇಕು. ಆ ದಿನಗಳಲ್ಲಿ ಏನೋ ಆಗುತ್ತದೆ ಎಂಬುದು ಅವರಿಗೆ ಮೊದಲು ತಿಳಿದಿರಲಿಲ್ಲ. ನಾಲ್ಕನೆಯದೋ ಐದನೆಯದೋ ಬೆಳಿಗ್ಗೆ, ಹಿಂದೆ ಕೂತ ಕೈಗೆ ತಲೆ ಒಗ್ಗಿದ ಮೇಲೆ, ಹುಡುಗಿಯರು ತಾವಾಗಿಯೇ ಬಾಯಿ ಬಿಡುತ್ತಾರೆ. ಮುಖ ನೋಡುವವರು ಯಾರೂ ಇಲ್ಲದಿದ್ದರೆ ಮಾತು ಹೊರಗೆ ಬರುತ್ತದೆ. ಎದುರಿಗೆ ಕೂತು ಏನಾಯಿತು ಎಂದು ಕೇಳುವವರನ್ನು ಈ ಮಕ್ಕಳು ಬಹಳ ಕಂಡಿದ್ದಾರೆ: ಮೇಷ್ಟ್ರು, ಮಂತ್ರ ಹಾಕುವವರು, ಪೊಲೀಸರು, ಅಪ್ಪಂದಿರು. “ಎದುರಿಗೆ ಕುಂತ್ರ ಪೊಲೀಸ್ರು ಜಬಾನಿ ತಗಂಡಂಗ ಆಕ್ಕೈತ್ರಿ. ಹಿಂದ ಕುಂದ್ರಬೇಕು, ಇಲ್ಲಾಂದ್ರ ಮಗ್ಗಲಕ” ಎನ್ನುತ್ತಾರೆ ಅಂಜಿನಕ್ಕ.

ಮಗ್ಗುಲಲ್ಲಿ ಕೂರುವುದು ಗಂಡಸರಿಗೆ. ಕೊಟ್ಟೂರಿನ ದರ್ಜಿ ರಾಮಾಂಜನೇಯ ಎರಡು ವರ್ಷ ಹೊಲಿಗೆ ಯಂತ್ರಕ್ಕೆ ಬಟ್ಟೆ ಮುಚ್ಚಿ ಮನೆಯ ಮೂಲೆ ಹಿಡಿದಿದ್ದರು. ವಯಸ್ಸು ಮೂವತ್ತೆಂಟು. ಸೋಮಾರಿ ಎಂದರು ಕೆಲವರು, ಯಾರೋ ಮದ್ದು ಹಾಕಿದ್ದಾರೆ ಎಂದರು ಉಳಿದವರು. ಅಂಜಿನಕ್ಕ ಅವರ ಮುಂದೆ ಒಂದು ಮೊರ ಶೇಂಗಾ ಸುರುವಿ, ತಾವೂ ಪಕ್ಕದಲ್ಲಿ ಕೂತು ಹಸನು ಮಾಡತೊಡಗಿದರು. ಹೀಗೆ ಹತ್ತೊಂಬತ್ತು ದಿನ.

“ಅಕ್ಕ ಏನೂ ಕೇಳಲಿಲ್ರಿ. ಬರೇ ‘ಜೊಳ್ಳು ಆ ಕಡಿ ಹಾಕಪ್ಪ, ಕಾಳು ಈ ಕಡಿ’ ಅಂತಿದ್ಲು. ಹತ್ತೊಂಬತ್ತನೇ ದಿನ ನನಗ ಸಿಟ್ಟು ಬಂತು, ನಾನೇನು ಕೂಲಿಯವನೇನು ಅಂತ ಬೈದೆ. ಬೈಯಾಕ ಬಾಯಿ ತಗದನಲ್ಲ, ಅಳು ಬಂತು” ಎಂದು ರಾಮಾಂಜನೇಯ ನಗುತ್ತಾ ಹೇಳುತ್ತಾರೆ. ಈಗ ಯಂತ್ರದ ಮೇಲೆ ಬಟ್ಟೆ ಇಲ್ಲ. ಅಂಜಿನಕ್ಕ ಬಾಚಣಿಗೆ ಇಟ್ಟುಕೊಳ್ಳುವ ಚೀಲ ಅವರೇ ಹೊಲಿದದ್ದು. ಮಾತ್ರೆಯೂ ನುಂಗುತ್ತಾರೆ; ಅದನ್ನು ಹೇಳಲು ನಾಚಿಕೆ ಇಲ್ಲ.

ಮಾತ್ರೆ ಕೊಡುವವರು ಡಾ. ಸೋಮಶೇಖರ್. ಸೇವಾ ಸಂಸ್ಥೆಯೊಂದು ತಿಂಗಳ ಎರಡನೆಯ ಮಂಗಳವಾರ ಹಗರಿಬೊಮ್ಮನಹಳ್ಳಿಯಲ್ಲಿ ನಡೆಸುವ ಮನೋರೋಗ ಶಿಬಿರಕ್ಕೆ ಬರುತ್ತಾರೆ. ಐದು ತಾಲೂಕಿನ ಜನ ಕಾಯುತ್ತಾರೆ. ಎರಡು ಗಂಟೆ, ಕಳೆದ ತಿಂಗಳು ಅರವತ್ತಮೂರು ಮಂದಿ. ಒಬ್ಬರಿಗೆ ಎರಡು ನಿಮಿಷವೂ ಇಲ್ಲ. “ನಾನು ಮುಖ ನೋಡುವಷ್ಟರಲ್ಲಿ ಮುಂದಿನವರು ಬಂದು ನಿಂತಿರುತ್ತಾರೆ. ಇದನ್ನು ಚಿಕಿತ್ಸೆ ಅಂತ ಕರೆಯಲು ನನಗೆ ಸಂಕೋಚ. ಅಂಜಿನಕ್ಕ ಕರೆತಂದವರು ಮಾತ್ರ ತಮಗೆ ಏನಾಗುತ್ತಿದೆ ಅಂತ ಒಂದು ವಾಕ್ಯದಲ್ಲಾದರೂ ಹೇಳಬಲ್ಲರು” ಎನ್ನುತ್ತಾರೆ ಅವರು. ಯಾರು ಕಿವಿಯಲ್ಲಿ ದನಿ ಕೇಳುತ್ತದೆ ಎನ್ನುತ್ತಾರೋ, ಯಾರು ಸಾಯುವ ಮಾತು ಎತ್ತುತ್ತಾರೋ ಅವರನ್ನು ಅಂಜಿನಕ್ಕ ಒಂದು ದಿನವೂ ತಡಮಾಡದೆ ವೈದ್ಯರ ಬಳಿಗೆ ಒಯ್ಯುತ್ತಾರೆ. ಶಿಬಿರದ ದಿನಕ್ಕೆ ಕಾಯುವುದಿಲ್ಲ. ಬಳ್ಳಾರಿಗೋ ದಾವಣಗೆರೆಗೋ ಬಸ್ಸು ಹತ್ತಿಸುತ್ತಾರೆ. ಬಾಚಣಿಗೆ ಎಲ್ಲದಕ್ಕೂ ಅಲ್ಲ ಎಂದು ಅವರಿಗೆ ಗೊತ್ತಿದೆ.

ನಾಲ್ಕು ವರ್ಷದಲ್ಲಿ ಮೂವತ್ತೊಂದು ತಲೆ ಬಾಚಿದ್ದಾರೆ. ಇದು ಅವರದೇ ಲೆಕ್ಕ. ಯಾವ ಕಚೇರಿಯ ಕಡತದಲ್ಲೂ ಇಲ್ಲ. ಕೂಡ್ಲಿಗಿ, ಕೊಟ್ಟೂರು ಕಡೆಯವು ಹದಿನಾರು, ಹಡಗಲಿಯವು ಆರು, ಹಗರಿಬೊಮ್ಮನಹಳ್ಳಿಯವು ಐದು, ಹರಪನಹಳ್ಳಿಯವು ನಾಲ್ಕು. ಅದರಲ್ಲಿ ಏಳು ಹುಡುಗಿಯರು ಕೈ ತಪ್ಪಿದರು. ಹರಪನಹಳ್ಳಿಯ ಒಬ್ಬಳ ವಿಷಯದಲ್ಲಿ ಸಹಾಯ ಕೇಳಲು ಹೋದಾಗ, ಅದು ಈಗ ದಾವಣಗೆರೆ ಜಿಲ್ಲೆ, ನಮ್ಮದಲ್ಲ ಎಂದು ಅಧಿಕಾರಿಯೊಬ್ಬರು ಕಡತ ಮುಚ್ಚಿದರಂತೆ. ಆ ಕಡೆ ಹೋದರೆ, ಹೇಳುತ್ತಿರುವ ನೀನು ಆ ಜಿಲ್ಲೆಯವಳಲ್ಲ ಎಂದರಂತೆ. ಹುಡುಗಿ ಯಾವ ಜಿಲ್ಲೆಯಲ್ಲಿ ಹಾಳಾಗಬೇಕು ಎಂದು ಅವರಿಬ್ಬರೂ ಕೂತು ಗೊತ್ತುಮಾಡಿ ತಿಳಿಸಲಿ ಎಂದು ಹೇಳಿ ಬಂದೆ ಎನ್ನುತ್ತಾರೆ ಅಂಜಿನಕ್ಕ. ಹೇಳುವಾಗ ದನಿ ಏರುವುದಿಲ್ಲ.

ಅಂಜಿನಕ್ಕನನ್ನೂ ದೇವರಿಗೆ ಬಿಟ್ಟಿದ್ದರು. ಹನ್ನೆರಡನೆಯ ವಯಸ್ಸಿಗೆ ತಾಯಿ ತೀರಿಕೊಂಡಳು, ಅಂಜಿನಕ್ಕ ಮಾತು ಬಿಟ್ಟರು, ವರ್ಷದೊಳಗೆ ತಲೆ ಜಡೆಗಟ್ಟಿತು, ಹದಿಮೂರಕ್ಕೆ ಗುಡ್ಡ ಹತ್ತಿಸಿದರು. ಮುಂದಿನ ಇಪ್ಪತ್ತು ವರ್ಷದ ಬಗ್ಗೆ ಅವರು ಹೇಳುವುದಿಲ್ಲ. ಸಾಕ್ಷರತಾ ಆಂದೋಲನದ ಕಾಲದಲ್ಲಿ ಅಕ್ಷರ ಕಲಿತರು, ಮಿಲ್ಲಿನ ಕೆಲಸಕ್ಕೆ ಸೇರಿದರು. ಓದಲು ಬಂದ ಮೇಲೆ ಅವರಿಗೆ ಒಂದು ಚಟ ಹತ್ತಿತು. ಕಾಳು ಕಟ್ಟಿಕೊಡುವ ಹಳೆಯ ಪೇಪರುಗಳಲ್ಲಿ ಒಂದು ಬಗೆಯ ಸುದ್ದಿ ಕಂಡರೆ ಹರಿದಿಟ್ಟುಕೊಳ್ಳುವುದು. ತಗಡಿನ ಡಬ್ಬಿಯೊಂದರಲ್ಲಿ ಅಂಥ ಹತ್ತೊಂಬತ್ತು ತುಣುಕುಗಳಿವೆ. ಎಲ್ಲವೂ ನಾಲ್ಕೈದು ಸಾಲಿನವು. ಎಲ್ಲದರಲ್ಲೂ ಯಾರೋ ಹದಿನೈದು ಹದಿನೆಂಟರ ಹುಡುಗನೋ ಹುಡುಗಿಯೋ ‘ಹೊಟ್ಟೆನೋವು ತಾಳಲಾರದೆ’ ಜೀವ ಕಳೆದುಕೊಂಡಿದ್ದಾರೆ.

ಈ ಪುರವಣಿಯನ್ನು ಓದುವವರಿಗೂ ಆ ಸಾಲು ಹೊಸದಲ್ಲ. ಮನೆಯವರು ಹೇಳುತ್ತಾರೆ, ಠಾಣೆಯಲ್ಲಿ ಬರೆದುಕೊಳ್ಳುತ್ತಾರೆ, ಪತ್ರಿಕೆ ಅಚ್ಚು ಹಾಕುತ್ತದೆ. ಹೊಟ್ಟೆನೋವು ಎಂದರೆ ಯಾರೂ ತಪ್ಪಿತಸ್ಥರಲ್ಲ, ಯಾರೂ ಮುಂದಕ್ಕೆ ಕೇಳಬೇಕಿಲ್ಲ. ಇಷ್ಟೊಂದು ಮಕ್ಕಳಿಗೆ ಸಾಯುವಷ್ಟು ಹೊಟ್ಟೆನೋವು ಬರುತ್ತಿದ್ದರೆ ಒಬ್ಬ ಹೊಟ್ಟೆಯ ಡಾಕ್ಟರಾದರೂ ಈ ಕಡೆ ಬರಬೇಕಿತ್ತಲ್ಲ ಎಂಬುದು ಅಂಜಿನಕ್ಕನ ಪ್ರಶ್ನೆ.

ಗೀತಮ್ಮನ ಐದನೆಯ ಜಡೆ ಬಿಟ್ಟದ್ದು ಹುಣ್ಣಿಮೆಗೆ ಮೂರು ದಿನ ಇರುವಾಗ. ಅಷ್ಟರಲ್ಲಿ ಅವಳು ಸಣ್ಣದಾಗಿ ಮಾತು ಹೊರಡಿಸಿದ್ದಳು. ಎಣ್ಣೆ ಸುಡುತ್ತೆ, ಬೆಕ್ಕಿನ ಮರಿ ಕಣ್ಣು ಬಿಟ್ಟವಾ, ಅಷ್ಟೇ. ಆರನೆಯದಕ್ಕೆ, ಕುತ್ತಿಗೆಯ ಬಳಿಯ ದಪ್ಪ ಜಡೆಗೆ, ಕೈ ಹಾಕಿದ ಕೂಡಲೇ ಎರಡೂ ಕೈಯಿಂದ ಅದನ್ನು ಹಿಡಿದುಕೊಂಡು ಮುದುಡಿದಳು. ಅದು ಬೇಡ, ಅದೊಂದು ಇರಲಿ ಎಂದಳು. ಒಳಗೆ ನಿಂತಿದ್ದ ಶಿವಮ್ಮ ಬಾಯಿಗೆ ಸೆರಗು ತುರುಕಿಕೊಂಡಳು. ಒಂದೇ ಒಂದು ಉಳಿದರೂ ಮಾತಿನ ಪ್ರಕಾರ ಹುಡುಗಿ ಗುಡ್ಡಕ್ಕೆ ಹೋಗಬೇಕು.

ಅಂಜಿನಕ್ಕ ಒತ್ತಾಯ ಮಾಡಲಿಲ್ಲ. ಬಾಚಣಿಗೆ ಕೆಳಗಿಟ್ಟು, ಬಿಟ್ಟ ಕೂದಲಿಗೆ ಸುಮ್ಮನೆ ಎಣ್ಣೆ ಸವರುತ್ತಾ ಕೂತರು. ಆ ದಿನ ಹಾಗೇ ಹೋಯಿತು. ಮರುದಿನವೂ ಬಿಸಿಲು ಹಾಸುಗಲ್ಲಿಗೆ ಬರುವವರೆಗೆ ಹಾಗೇ. ಮಿಲ್ಲಿಗೆ ತಡವಾಗುತ್ತಿತ್ತು. ಎದ್ದು ಕಟ್ಟೆಗೆ ಹೋಗಿ ಯಜಮಾನರ ಕಾಲು ಹಿಡಿಯೋಣವೇ ಎಂಬ ಯೋಚನೆ ಬಂತೆಂದು ಅವರು ಒಪ್ಪಿಕೊಳ್ಳುತ್ತಾರೆ. ಆಗ ಗೀತಮ್ಮ, ಮುಂದೆ ನೋಡುತ್ತಲೇ, ಮಾತಾಡಿದಳು.

“ಅದು ಅಮ್ಮನ ಕುಂಕುಮ ಅಲ್ಲಕ್ಕ. ಅದು ರಿಬ್ಬನ್. ಆಕಿ ಕಟ್ಟಿದ್ದು.”

ಆಕೆ ಎಂದರೆ ಪಕ್ಕದ ಓಣಿಯ ಗೆಳತಿ, ಒಂದೇ ಬೆಂಚಿನವಳು. ಎರಡು ಹೆರಳು ಹಾಕಿ ಕೆಂಪು ರಿಬ್ಬನ್ ಕಟ್ಟದೆ ಬಂದರೆ ಶಾಲೆಯೊಳಗೆ ಬಿಡುವುದಿಲ್ಲ. ಮನೆಯಲ್ಲಿ ತಾಯಂದಿರು ಬೆಳಕು ಹರಿಯುವ ಮುಂಚೆಯೇ ಕೂಲಿಗೆ ಹೋಗಿರುತ್ತಾರೆ. ಹಾಗಾಗಿ ಇಬ್ಬರೂ ದಿನಾ ಬೆಳಿಗ್ಗೆ ಶಾಲೆಯ ಮೆಟ್ಟಿಲ ಮೇಲೆ ಕೂತು, ಇವಳದ್ದು ಅವಳು, ಅವಳದ್ದು ಇವಳು ಹೆಣೆದುಕೊಳ್ಳುತ್ತಿದ್ದರು. ಆಷಾಢದ ಒಂದು ಬೆಳಿಗ್ಗೆ ಗೆಳತಿ ಹೆಣೆಯುತ್ತಾ, ಅಪ್ಪ ಶಾಲೆ ಬಿಡಿಸುತ್ತಾನೆ, ಸೋದರಮಾವನಿಗೆ ಕೊಡುತ್ತಾರಂತೆ ಎಂದಳು. ಮಾವನಿಗೆ ಮೂವತ್ತನಾಲ್ಕು. ಗೀತಮ್ಮ ನಕ್ಕಳು. ಸೋದರಮಾವನ ಹೆಸರೆತ್ತಿ ಹುಡುಗಿಯರನ್ನು ಗೋಳು ಹೊಯ್ದುಕೊಳ್ಳುವುದು ಈ ಕಡೆ ತೊಟ್ಟಿಲಿನಿಂದಲೇ ಇರುವ ಆಟ. ಅಜ್ಜಿಯರು ಮಾಡುತ್ತಾರೆ, ಅತ್ತೆಯರು ಮಾಡುತ್ತಾರೆ. ಗೀತಮ್ಮನೂ ಮಾಡಿದಳು. ‘ಮಾವನ ಹೇಣ್ತಿ ಬಂದ್ಲು ದಾರಿ ಬಿಡ್ರಿ’ ಎಂದು ಸಂಜೆಯವರೆಗೆ ಇಡೀ ತರಗತಿಗೆ ಸಾರಿಕೊಂಡು ಬಂದಳು. ಗೆಳತಿ ಮರುದಿನ ಬರಲಿಲ್ಲ. ಅದರ ಮರುದಿನ ಪತ್ರಿಕೆಯಲ್ಲಿ ನಾಲ್ಕು ಸಾಲು ಬಂತು: ಹೊಟ್ಟೆನೋವು ತಾಳಲಾರದೆ.

“ಆಕಿಗಿ ಹೊಟ್ಟಿನೋವು ಇರಲಿಲ್ಲಕ್ಕ. ನನಗ ಗೊತ್ತಿತ್ತು. ಯಾರೂ ನನ್ನ ಕೇಳಲಿಲ್ಲ. ನನ್ನ ತಲಿ ಬಾಚಾಕಿನಾ ಸತ್ಲು, ಮತ್ತ ಯಾಕ ಬಾಚ್ಕಳ್ಳಿ?”

ಇಷ್ಟೇ. ಅಮ್ಮನೂ ಇಲ್ಲ, ಗುಡ್ಡವೂ ಇಲ್ಲ. ತಲೆ ಬಾಚುತ್ತಿದ್ದವಳು ಸತ್ತಳು, ಕೂದಲು ಗಂಟಾಯಿತು. ಒಂದು ಊರು ಪೂರ್ತಿ ಆ ಗಂಟನ್ನು ನೋಡಿ ದೇವರ ಅಪ್ಪಣೆ ಓದಿತು.

ಅಂಜಿನಕ್ಕ ಎಣ್ಣೆಯ ಬಟ್ಟಲು ಪಕ್ಕಕ್ಕೆ ಸರಿಸಿದರು. ಎದ್ದು ಹಿತ್ತಲಿಗೆ ಹೋದರು. ತೊಟ್ಟಿಯ ನೀರನ್ನು ಮುಖಕ್ಕೆ ಹಾಕಿಕೊಂಡು ಬಹಳ ಹೊತ್ತು ನಿಂತರು ಎಂದು ಶಿವಮ್ಮ ಹೇಳುತ್ತಾಳೆ. ಅವರು ಯಾರಿಗೂ ಹೇಳದಿದ್ದ ಒಂದು ಮಾತಿತ್ತು. ಮೂವತ್ತೊಂದು ತಲೆ ಬಾಚಿದ ಮೇಲೂ, ತಮ್ಮ ವಿಷಯದಲ್ಲಿ ಮಾತ್ರ ಅಮ್ಮ ನಿಜವಾಗಿ ಕರೆದಿದ್ದಳೇನೋ ಎಂಬ ಅಳುಕು ಒಳಗೆ ಉಳಿದಿತ್ತು. ಇಷ್ಟು ವರ್ಷ ಅನುಭವಿಸಿದ್ದಕ್ಕೆ ಹಾಗೊಂದು ಕಾರಣ ಇದ್ದರೆ ಚೆನ್ನ ಎಂದೂ ಇರಬಹುದು. ಆ ಬೆಳಿಗ್ಗೆ ಅದೂ ಹೋಯಿತು. “ನನಗೂ ನಮ್ಮವ್ವನಾ ಬಾಚ್ತಿದ್ಲು. ಆಕಿ ಹೋದ್ಲು, ಯಾರೂ ಬಾಚಲಿಲ್ಲ. ಒಂದು ಬಾಚಣಿಗಿ ಇಲ್ಲದ್ದಕ್ಕ ನನ್ನ ಊರಿಗಿ ಬಿಟ್ರಲ್ರಿ” ಎಂದು ಅವರು ಹೇಳುವಾಗ ಅಳುವುದಿಲ್ಲ. ಅದು ಅಳುವ ದನಿಯಲ್ಲ.

ತಿರುಗಿ ಬಂದು ಕೂತಾಗ ದಬ್ಬಣ ಗೀತಮ್ಮನ ಕೈಯಲ್ಲಿತ್ತು. ಆರನೆಯ ಜಡೆಯನ್ನು ಅವಳು ತಾನೇ ತೋಳ ಮೇಲಿಂದ ಮುಂದಕ್ಕೆ ಎಳೆದುಕೊಂಡು ತುದಿಯನ್ನು ಚುಚ್ಚುತ್ತಿದ್ದಳು. ಅಂಜಿನಕ್ಕ ಅಂದು ಮಿಲ್ಲಿಗೆ ಹೋಗಲಿಲ್ಲ, ಸಂಜೆಯ ಬಸ್ಸಿಗೂ ಹೋಗಲಿಲ್ಲ. ಮರುದಿನ ಮಧ್ಯಾಹ್ನದ ಹೊತ್ತಿಗೆ ರಿಬ್ಬನ್ ಹೊರಬಂತು. ಕೆಂಪು ಹೋಗಿ ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ಗಂಟು ಮಾತ್ರ ಬಿಚ್ಚಿರಲಿಲ್ಲ. ಗೀತಮ್ಮ ಅದನ್ನು ಬಿಚ್ಚದೆ ಹಾಗೆಯೇ ಪುಸ್ತಕದ ನಡುವೆ ಇಟ್ಟಳು.

ಹುಣ್ಣಿಮೆಯ ಬೆಳಿಗ್ಗೆ ಟ್ರ್ಯಾಕ್ಟರುಗಳು ಗುಡ್ಡದ ಕಡೆ ಹೊರಟಿದ್ದವು. ಹಾಲೇಶಪ್ಪನವರು ನಾಲ್ಕು ಜನರೊಡನೆ ಕೇರಿಯ ಬಾಯಿಗೆ ಬಂದು ನಿಂತರು. ಗೀತಮ್ಮ ಹಾಸುಗಲ್ಲಿನ ಮೇಲೆ ಕೂದಲು ಹರವಿಕೊಂಡು ಕೂತಿದ್ದಳು. ಬೆನ್ನು ತುಂಬ ಕೂದಲು, ತೆಳ್ಳಗಾಗಿದೆ, ಆದರೆ ಬಾಚಣಿಗೆ ನೆತ್ತಿಯಿಂದ ಸೊಂಟದವರೆಗೆ ತಡೆಯಿಲ್ಲದೆ ಇಳಿಯುತ್ತಿತ್ತು. ಯಜಮಾನರು ದೂರದಿಂದ, ಒಳಗೊಂದು ಗಂಟು ಉಳಿದಿರಬೇಕು ಎಂದರು.

“ಬರ್ರಿ, ಮುಟ್ಟಿ ನೋಡ್ರಿ” ಎಂದರು ಅಂಜಿನಕ್ಕ.

ಅವರು ಮುಂದೆ ಬರಲಿಲ್ಲ. ಕೇರಿಯ ಹುಡುಗಿಯ ತಲೆಯನ್ನು ನಾಲ್ಕು ಜನರ ಮುಂದೆ ಮುಟ್ಟುವುದು ಹೇಗೆ?

“ಯಾಕ್ರಿ ಯಜಮಾನ್ರ, ಹಗಲೊತ್ತಿನ್ಯಾಗ ಮುಟ್ಟಾಕ ಬರಾದಿಲ್ಲೇನು?”

ಹುಲುಗಣ್ಣ, ಯಜಮಾನರ ಮುಂದೆ ಇದುವರೆಗೆ ತಲೆ ಎತ್ತದವನು, ಮನೆಯೊಳಗಿಂದ ಬಂದು ಮಗಳ ಪಕ್ಕದಲ್ಲಿ ಕೂತ. ಬಂದವರು ಬಂದ ದಾರಿಯಲ್ಲಿ ಹೋದರು. ಮುಂದಿನ ವಾರ ಹುಲುಗಣ್ಣನ ತೋಟದ ಕೆಲಸ ಹೋಯಿತು. ಈಗ ಕೊಟ್ಟೂರಿನಲ್ಲಿ ಹಮಾಲಿ ಮಾಡುತ್ತಾನೆ.

ಎಲ್ಲವೂ ಸರಿಹೋಯಿತು ಎಂದು ಬರೆದರೆ ಸುಳ್ಳಾದೀತು. ಗೀತಮ್ಮ ಇನ್ನೂ ಶಾಲೆಗೆ ಹೋಗಿಲ್ಲ. ಈ ಸಲದ ಪರೀಕ್ಷೆಗೆ ಕೂರುತ್ತಾಳೋ ಇಲ್ಲವೋ ತಿಳಿಯದು. ಎರಡನೆಯ ಮಂಗಳವಾರ ಡಾಕ್ಟರ ಬಳಿ ಹೋಗಿ ಬಂದಳು. ನಾನು ನಕ್ಕಿದ್ದಕ್ಕೇ ಅವಳು ಸತ್ತಳೇ ಎಂದು ಅವರನ್ನು ಕೇಳಿದಳು. ಅಂದು ಡಾ. ಸೋಮಶೇಖರ್ ಎರಡು ನಿಮಿಷಕ್ಕೆ ಬದಲು ಮುಕ್ಕಾಲು ಗಂಟೆ ಕೊಟ್ಟರು. ಹೊರಗೆ ಕಾದಿದ್ದವರು ಗೊಣಗಿದರು. ವಾರಕ್ಕೆ ಎರಡು ಬೆಳಿಗ್ಗೆ ಅಂಜಿನಕ್ಕ ಈಗಲೂ ಐದರ ಬಸ್ಸಿಗೆ ಬರುತ್ತಾರೆ. ಬಿಡಿಸಲು ಜಡೆ ಇಲ್ಲ. ಸುಮ್ಮನೆ ಎರಡು ಹೆರಳು ಹೆಣೆದು ಹೋಗುತ್ತಾರೆ.

ಪುರವಣಿ ವಾಡಿಕೆಯಂತೆ ಅವರ ಆಸೆ ಏನೆಂದು ಕೇಳಲಾಯಿತು. ಫೋಟೋ ಬೇಡ ಎಂದರು. ನಗುವ ಫೋಟೋ ಒಂದು ಇದೆ, ಸಾಕು. ಆಮೇಲೆ ತಗಡಿನ ಡಬ್ಬಿ ತೆರೆದು ಹತ್ತೊಂಬತ್ತನೆಯ ತುಣುಕನ್ನು ಮೊಣಕಾಲಿನ ಮೇಲೆ ಹರವಿ, ಅಂಗೈಯಿಂದ ಮಡಿಕೆ ತಿದ್ದಿದರು. ಇದೇ ಪತ್ರಿಕೆಯದು, ಆಷಾಢದ್ದು, ಮೂರನೆಯ ಪುಟದ ಮೂಲೆ.

“ನನ್ನ ಬಗ್ಗೆ ಬರೀದಿದ್ರೂ ನಡೀತೈತ್ರಿ. ಇದನ್ನ ತಿದ್ದಿ ಹಾಕ್ರಿ. ನಾಕು ಸಾಲಿನ್ಯಾಗ ಸುಳ್ಳು ಹಾಕಿದ್ರಿ, ನಾಕು ಸಾಲು ಸಾಕು ನಿಜ ಹಾಕಾಕ. ಆ ಹುಡುಗಿ ಹೊಟ್ಟಿ ಚಲೋ ಇತ್ತು.”